ಗಾಳಿಯ ಒತ್ತಡದಿಂದ ನಡೆಯುವ ಉಪಕರಣಗಳ ರಕ್ಷಣೆ

ಟ್ರ್ಯಾಕ್ಟರು, ಟ್ರೇಲರುಗಳನ್ನಿಟ್ಟುಕೊಂಡು ಬೇಸಾಯ ಮಾಡಿಸುವ ಜಮೀನುದಾರರಲ್ಲಿ ಕೆಲವರು ತಮ್ಮ ಶೆಡ್ಡಿನಲ್ಲಿಯೇ ಏರ್ ಕಂಪ್ರೆಸರನ್ನೂ, ಚಕ್ರದ ನಟ್ಟುಗಳನ್ನು ಬಿಚ್ಚುವ ಇಂಪ್ಯಾಕ್ಟ್ ರೆಂಚನ್ನೂ, ಗ್ರೈಂಡರನ್ನೂ ಇಟ್ಟಿರುತ್ತಾರೆ. ಒಂದೆರಡು ವರ್ಷಗಳೊಳಗೆ ರೆಂಚಿನ ಬಲ ಕುಂದಿತೆಂದೂ, ಸುಗ್ಗಿಯ ಮಧ್ಯದಲ್ಲಿ ಅದು ತಿರುಗದೆ ನಿಂತಿತೆಂದೂ ದೂರು ಹೇಳುವುದುಂಟು. ಬಿಚ್ಚಿ ನೋಡಿದರೆ ಬಹುಮಟ್ಟಿಗೆ ಒಳಗೆ ತುಕ್ಕು ಇರುತ್ತದೆ. ಎಣ್ಣೆಯ ಪಸೆ ಇರುವುದಿಲ್ಲ.

ಇಂಥ ಉಪಕರಣದೊಳಗೆ ಒಂದು ಉರುಳೆಯೂ, ಅದರ ಸೀಳುಗಳಲ್ಲಿ ಜಾರಾಡುವ ತೆಳುವಾದ ಪಟ್ಟಿಗಳೂ ಇರುತ್ತವೆ. ಗಾಳಿಯು ಈ ಪಟ್ಟಿಗಳನ್ನು ತಳ್ಳುವುದರಿಂದ ಉರುಳೆಯು ತಿರುಗುತ್ತದೆ. ಪಟ್ಟಿಗಳು ಹೊರಗೋಡೆಯನ್ನು ಸದಾ ಉಜ್ಜುತ್ತಿರುವುದರಿಂದ ಎಣ್ಣೆಯಿಲ್ಲದಿದ್ದರೆ ಸವೆದು, ಗಾಳಿ ಸೋರಿ, ಬಲವು ಕಡಿಮೆಯಾಗುತ್ತದೆ.

ನೀರು ಎಲ್ಲಿಂದ ಬರುತ್ತದೆಂದು ಅನೇಕರು ಕೇಳುವರು. ಮಳೆಗಾಲದಲ್ಲಿ 30 ಡಿಗ್ರಿ ಸೆಂಟಿಗ್ರೇಡ್ ಉಷ್ಣದ ತೇವಭರಿತ ಗಾಳಿಯ ಒಂದು ಘನ ಮೀಟರಿನಲ್ಲಿ ಸುಮಾರು 30 ಗ್ರಾಂ ನೀರಾವಿ ಅಡಗಿರುತ್ತದೆ. ಆ ಗಾಳಿಯನ್ನು ಎಂಟರಲ್ಲೊಂದು ಪಾಲಿಗೆ ಒತ್ತಿ, ಮತ್ತೆ ಅದೇ ಉಷ್ಣಕ್ಕೆ ಆರಿಸಿದರೆ 4 ಗ್ರಾಮಿನಷ್ಟು ಮಾತ್ರ ಆವಿಯಾಗಿ ಉಳಿದು, ಮಿಕ್ಕದ್ದೆಲ್ಲ ನೀರಾಗಿ ಇಳಿಯುತ್ತದೆ. ಮಲೆನಾಡಿನವರೂ ಕರಾವಳಿಯವರೂ ಇದನ್ನು ವಿಶೇಷವಾಗಿ ಗಮನಿಸಬೇಕು. ಪ್ರತಿದಿನ ಕೆಲಸ ಮುಗಿದ ಮೇಲೆ ಕಂಪ್ರೆಸರನ್ನು ನಿಲ್ಲಿಸಿ, ಒತ್ತಡವನ್ನು ತಗ್ಗಿಸಿ, ಟ್ಯಾಂಕಿನ ತಳದ ಕಾಕನ್ನು ತಿರುಗಿಸಿ ನೀರನ್ನು ಪೂರ್ತಿಯಾಗಿ ಹೊರಬಿಡತಕ್ಕದ್ದು. ಕೊಳವೆಯ ಸಾಲಿನಲ್ಲಿ ಮೊದಲು ಫಿಲ್ಟರು, ಅನಂತರ ರೆಗ್ಯುಲೇಟರು, ಕೊನೆಗೆ ಎಣ್ಣೆ ಬೆರೆಸುವ ಲೂಬ್ರಿಕೇಟರು ಇರಬೇಕು.

ಲೂಬ್ರಿಕೇಟರು ಇಲ್ಲದವರು ಕೆಲಸಕ್ಕೆ ಮುಂಚೆ ಉಪಕರಣದ ಗಾಳಿಯ ಬಾಯಿಗೆ ನಾಲ್ಕೈದು ತೊಟ್ಟು ಎಣ್ಣೆ ಬಿಟ್ಟು, ಕೆಲವು ಸೆಕೆಂಡು ಬರಿದೇ ತಿರುಗಿಸಬೇಕು. ಸಂಜೆ ಎತ್ತಿಡುವಾಗಲೂ ಹಾಗೆಯೇ ಮಾಡಬೇಕು. ಆಗ ಎಣ್ಣೆಯ ತುಂತುರು ಹೊರಹಾರುವುದರಿಂದ ಮುಖವನ್ನು ದೂರವಿಡುವುದು ಲೇಸು. ಇದಕ್ಕೆಂದೇ ಮಾರುವ ತೆಳುವಾದ ಎಣ್ಣೆ ದೊರೆಯುತ್ತದೆ. ಸಾಮಾನ್ಯವಾಗಿ 32ರ ದರ್ಜೆಯದು, ಕೆಲವು ತಯಾರಕರು 22ರದನ್ನು ಹೇಳುತ್ತಾರೆ. ಟ್ರ್ಯಾಕ್ಟರಿನ ಎಂಜಿನ್ ಎಣ್ಣೆಯು ಮಂದವಾದುದರಿಂದ ಪಟ್ಟಿಗಳು ಸೀಳಿನಲ್ಲಿ ಅಂಟಿಕೊಳ್ಳುವುವು. ಹರಳೆಣ್ಣೆಯೂ ಕಾಲಕ್ರಮದಲ್ಲಿ ಅಂಟುಗಟ್ಟುತ್ತದೆ. ಸೀಮೆಎಣ್ಣೆಯನ್ನು ಬಿಡುವ ಆಳುಗಳಿದ್ದಾರೆ. ಅದು ಇರುವ ಪಸೆಯನ್ನೂ ತೊಳೆದುಬಿಡುವುದಲ್ಲದೆ ಬೆಂಕಿಗೂ ಎಡೆಕೊಡುತ್ತದೆ. ಕಂಪ್ರೆಸರಿಗೆ ಹಾಕುವ ಎಣ್ಣೆಯೇ ಬೇರೆ. ಒಂದರದನ್ನು ಇನ್ನೊಂದಕ್ಕೆ ಹಾಕಕೂಡದು. ಎಣ್ಣೆ ಹರಿದ ರಬ್ಬರು ಕೊಳವೆಯಿಂದ ಬಣ್ಣ ಸಿಂಪಡಿಸಿದರೆ ಬಣ್ಣವು ಕೆಡುತ್ತದೆ. ಆ ಕೆಲಸಕ್ಕೆ ಪ್ರತ್ಯೇಕ ಕೊಳವೆ ಇರಲಿ. ರೆಂಚಿನ ಸುತ್ತಿಗೆಯ ಭಾಗಕ್ಕೆ ತಯಾರಕರು ಹೇಳಿದ ಗ್ರೀಸನ್ನೇ ಉಪಯೋಗಿಸಬೇಕು.

ಒತ್ತಡವು ಚದರ ಅಂಗುಲಕ್ಕೆ 90 ಪೌಂಡು ಇದ್ದರೆ ಹೆಚ್ಚಿನ ಉಪಕರಣಗಳಿಗೆ ಸಾಕು. ಇದನ್ನು ಉಪಕರಣವು ನಡೆಯುತ್ತಿರುವಾಗಲೇ ನೋಡತಕ್ಕದ್ದು. ಉದ್ದವಾದ ಸಣ್ಣ ಕೊಳವೆಯಲ್ಲಿ ಒತ್ತಡವು ಇಳಿಯುವುದುಂಟು. ಬಲ ಸಾಲದೆಂದು ಒತ್ತಡವನ್ನು ಏರಿಸುವುದಕ್ಕಿಂತ ಕೊಳವೆಯನ್ನು ಬದಲಾಯಿಸುವುದು ಮೇಲು.

ಬಟ್ಟೆಯ ಮೇಲಿನ ಧೂಳನ್ನು ಈ ಗಾಳಿಯಿಂದ ಊದಿಕೊಳ್ಳುವ ಚಾಳಿಯನ್ನು ಯಜಮಾನರು ಖಂಡಿತವಾಗಿ ತಡೆಯಬೇಕು. ಗಾಳಿಯು ಗಾಯದ ಮೂಲಕ ರಕ್ತಕ್ಕೆ ಸೇರಿದರೆ ಪ್ರಾಣಕ್ಕೇ ಅಪಾಯ. ಕಣ್ಣು, ಕಿವಿಗಳಿಗೂ ಹಾನಿ. ಸೇಫ್ಟಿ ವಾಲ್ವು ಸೋರುತ್ತದೆಂದು ಅದರ ಬಾಯಿಗೆ ಬಿರಟೆ ಬಡಿಯುವುದು ಇನ್ನೂ ಭಯಂಕರ. ನೀರು ನಿಂತು ಒಳಗಿನಿಂದ ತುಕ್ಕು ತಿಂದ ಟ್ಯಾಂಕು ಹೊರಗೆ ಹೊಸದರಂತೆ ಕಾಣುತ್ತಿದ್ದರೂ ಸಿಡಿಯಬಲ್ಲುದು. ತಳದಲ್ಲಿ ಸಣ್ಣ ತೂತು ಕಂಡರೂ ಬೆಸುಗೆ ಹಾಕಿಸಿ ಉಪಯೋಗಿಸಕೂಡದು; ಬೇರೆ ಟ್ಯಾಂಕನ್ನೇ ಕೊಳ್ಳತಕ್ಕದ್ದು.