ಲಾರಿಯ ಮುಂದೀಪವೂ ಓಮನ ನಿಯಮವೂ

ಇರುಳಿನಲ್ಲಿ ಹೆದ್ದಾರಿಯ ಮೇಲೆ ಸಾಗುವ ಲಾರಿಗೆ ಅದರ ಮುಂದೀಪಗಳೇ ಕಣ್ಣು. ಹೆಡ್‌ಲೈಟು ಎಂದು ಎಲ್ಲರೂ ಕರೆಯುವ ಈ ದೀಪಗಳ ಬೆಳಕು ಸಾಲದೆಂದು ತೋರಿದಾಗ, ಮಾಲೀಕನು ಮಾಡುವ ಮೊದಲ ಕೆಲಸವೆಂದರೆ ಹಳೆಯ ಬಲ್ಬನ್ನು ತೆಗೆದು ಹೆಚ್ಚು ವಾಟಿನ ಬಲ್ಬನ್ನು ತೊಡಿಸುವುದು. ಅನೇಕ ವೇಳೆ ಇದರ ಫಲ ನಿರೀಕ್ಷೆಗೆ ತಕ್ಕಂತಿರುವುದಿಲ್ಲ. ಬೆಳಕು ಅಷ್ಟಾಗಿ ಹೆಚ್ಚದು. ಸ್ವಿಚ್ಚು ಮುಟ್ಟಲಾರದಷ್ಟು ಬಿಸಿಯಾಗುವುದು. ಫ್ಯೂಸು ಪದೇಪದೇ ಕರಗುವುದು. ಒಂದು ದೀಪ ಉಜ್ವಲವಾಗಿದ್ದರೆ ಇನ್ನೊಂದು ಕೆಂಪಗೆ ಮಂಕಾಗಿ ಉರಿಯುವುದು. ಬಲ್ಬು ಕಳಪೆಯೆಂದು ದೂರಿ ಮತ್ತೊಂದನ್ನು ಕೊಳ್ಳುವವರೂ ಉಂಟು. ಆದರೆ ಪ್ರೌಢಶಾಲೆಯಲ್ಲಿ ಕಲಿಯುವ ಓಮನ ನಿಯಮವನ್ನು ಇಲ್ಲಿಗೆ ಅನ್ವಯಿಸಿ ನೋಡಿದರೆ, ದೋಷವು ಬಹುಮಟ್ಟಿಗೆ ಬಲ್ಬಿಗೆ ವಿದ್ಯುತ್ತನ್ನು ತಂದೊಪ್ಪಿಸುವ ದಾರಿಯಲ್ಲಿದೆಯೆಂದು ಗೊತ್ತಾಗುತ್ತದೆ. ಆ ದಾರಿಯನ್ನು ಅಳೆದು ಪರೀಕ್ಷಿಸುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸುತ್ತೇವೆ.

ವಿದ್ಯುತ್ತಿನ ದಾರಿ

ಹನ್ನೆರಡು ವೋಲ್ಟಿನ ಬ್ಯಾಟರಿಯುಳ್ಳ ಹಳೆಯದೊಂದು ಸಣ್ಣ ಲಾರಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಬ್ಯಾಟರಿಯ ಧನಧ್ರುವದಿಂದ ಹೊರಟ ಪ್ರವಾಹವು ಫ್ಯೂಸನ್ನು ದಾಟಿ, ಚಾಲಕನ ಮುಂದಿರುವ ಸ್ವಿಚ್ಚಿಗೆ ಬಂದು, ಅಲ್ಲಿಂದ ಬೆಳಕನ್ನು ತಗ್ಗಿಸುವ ಡಿಪ್ ಸ್ವಿಚ್ಚಿನ ಮೂಲಕ ಮತ್ತೆ ಮುಂದಕ್ಕೆ ಹರಿದು ದೀಪವನ್ನು ಸೇರುತ್ತದೆ. ಹಿಂದಿರುಗುವ ದಾರಿ ಬೇರೆ. ದೀಪದಿಂದ ಹೊರಟ ಗಿಡ್ಡ ತಂತಿಯೊಂದನ್ನು ವಾಹನದ ಉಕ್ಕಿನ ಮೈಗೆ ತಿರುಪಿನಿಂದ ಬಿಗಿದಿರುತ್ತಾರೆ. ಬ್ಯಾಟರಿಯ ಋಣಧ್ರುವವೂ ಆ ಮೈಗೇ ಕೂಡಿಕೊಂಡಿರುವುದರಿಂದ ಮಂಡಲ ಪೂರ್ಣವಾಗುತ್ತದೆ. ಈ ಸಂಪರ್ಕವನ್ನು ಮೋಟಾರು ಕೆಲಸಗಾರರು ಅರ್ತು ಎನ್ನುತ್ತಾರೆ.

ಈ ದಾರಿಯುದ್ದಕ್ಕೂ ಅಷ್ಟಿಷ್ಟು ರೋಧವುಂಟು. ಒಂದು ಚದರ ಮಿಲಿಮೀಟರು ಅಡ್ಡಕೊಯ್ತವುಳ್ಳ ತಾಮ್ರದ ತಂತಿಯ ರೋಧ ಮೀಟರಿಗೆ ಸುಮಾರು 0.018 ಓಮ್, ಐದು ಮೀಟರಿಗೆ 0.09 ಓಮ್. ಇದಕ್ಕೆ ಸವೆದ ಸ್ವಿಚ್ಚಿನ ರೋಧ, ಹಸಿರುಗಟ್ಟಿದ ಕೂಡುಗಳ ರೋಧ, ತುಕ್ಕು ಹಿಡಿದ ಅರ್ತಿನ ರೋಧ ಇವೆಲ್ಲ ಕೂಡುತ್ತವೆ. ಒಟ್ಟು 0.2 ಓಮ್ ಎಂದಿಟ್ಟುಕೊಳ್ಳೋಣ. ಕೇಳಲು ಇದು ತೀರ ಅಲ್ಪ. ಆದರೆ ಮುಂದಿನ ಲೆಕ್ಕವನ್ನು ನೋಡಿ.

ಹಳೆಯ ಮಾದರಿಯ ದೀಪದಲ್ಲಿ ದೂರದ ಬೆಳಕಿನ ತಂತುವಿಗೆ 45 ವಾಟು. ಎರಡು ದೀಪಗಳಿಗೆ 90 ವಾಟು. 12 ವೋಲ್ಟಿನಲ್ಲಿ ಪ್ರವಾಹ 7.5 ಆಂಪಿಯರು. ಈ ಪ್ರವಾಹ 0.2 ಓಮಿನಲ್ಲಿ ಹರಿದಾಗ 1.5 ವೋಲ್ಟು ದಾರಿಯಲ್ಲೇ ನಷ್ಟವಾಗುತ್ತದೆ. ಎಂಜಿನು ಓಡುತ್ತಿರುವಾಗ ಬ್ಯಾಟರಿಯ ಧ್ರುವಗಳಲ್ಲಿ 13.5 ವೋಲ್ಟು ಇದ್ದರೆ ದೀಪಕ್ಕೆ ದಕ್ಕುವುದು 12 ವೋಲ್ಟು. ಈಗ ಅದೇ ತಂತಿಗಳಿಗೆ 100 ವಾಟಿನ ಎರಡು ಬಲ್ಬುಗಳನ್ನು ಜೋಡಿಸಿದರೆ ಪ್ರವಾಹ 16.7 ಆಂಪಿಯರು, ನಷ್ಟ 3.3 ವೋಲ್ಟು, ದೀಪಕ್ಕೆ ಉಳಿಯುವುದು 10.2 ವೋಲ್ಟು ಮಾತ್ರ. ವೋಲ್ಟು ಇಳಿದಂತೆ ಪ್ರವಾಹವೂ ಕೊಂಚ ಇಳಿಯುವುದರಿಂದ ವಾಸ್ತವದ ನಷ್ಟ ಇದಕ್ಕಿಂತ ಸ್ವಲ್ಪ ಕಡಿಮೆಯಿರುತ್ತದೆ. ನಮ್ಮ ಸ್ಥೂಲ ಲೆಕ್ಕಕ್ಕೆ ಇದರಿಂದ ಬಾಧಕವಿಲ್ಲ.

ಬೆಳಕಿನ ಲೆಕ್ಕ

ವೋಲ್ಟು ಶೇಕಡಾ 10 ರಷ್ಟು ಇಳಿದರೆ ಬೆಳಕೂ ಶೇಕಡಾ 10 ರಷ್ಟು ಇಳಿಯುವುದೆಂದು ಭಾವಿಸುವುದು ಸಹಜ. ತಂತುವುಳ್ಳ ದೀಪದಲ್ಲಿ ಹಾಗಾಗುವುದಿಲ್ಲ. ಕಾದ ಟಂಗ್‌ಸ್ಟನ್ ತಂತುವಿನ ಬೆಳಕು ಅದರ ಉಷ್ಣತೆಯೊಡನೆ ಬಹು ಶೀಘ್ರವಾಗಿ ಏರಿಳಿಯುತ್ತದೆ. ಬೆಳಕು ವೋಲ್ಟೇಜಿನ ಸುಮಾರು 3.4 ನೆಯ ಘಾತಕ್ಕೆ ಅನುಗುಣವಾಗಿರುತ್ತದೆಂಬುದು ಅನುಭವಸಿದ್ಧ ಸೂತ್ರ. ಇದರ ಪ್ರಕಾರ ವೋಲ್ಟು ಶೇಕಡಾ 5 ರಷ್ಟು ಇಳಿದರೆ ಬೆಳಕು ಶೇಕಡಾ 84 ಕ್ಕೂ, 10 ರಷ್ಟು ಇಳಿದರೆ ಶೇಕಡಾ 70 ಕ್ಕೂ, 20 ರಷ್ಟು ಇಳಿದರೆ ಶೇಕಡಾ 47 ಕ್ಕೂ ಕುಗ್ಗುತ್ತದೆ.

ನಮ್ಮ ಲಾರಿಗೆ ಇದನ್ನು ಅನ್ವಯಿಸೋಣ. ಪೂರ್ಣ 13.5 ವೋಲ್ಟಿನಲ್ಲಿ 45 ವಾಟಿನ ಬಲ್ಬು 45 ಮಾನಗಳಷ್ಟು ಬೆಳಕನ್ನು ಕೊಡುವುದೆಂದೂ, 100 ವಾಟಿನದು 100 ಮಾನಗಳಷ್ಟನ್ನು ಕೊಡುವುದೆಂದೂ ಭಾವಿಸೋಣ. ಹಳೆಯ ತಂತಿಯಲ್ಲಿ ಮೊದಲನೆಯದರ ಬೆಳಕು ಮೂರರಲ್ಲಿ ಎರಡು ಪಾಲಿಗೆ, ಅಂದರೆ 30 ಮಾನಕ್ಕೆ ಇಳಿಯುತ್ತದೆ. ಎರಡನೆಯದು 39 ಮಾನಕ್ಕೆ. ವಾಟನ್ನು ಎರಡು ಪಟ್ಟಿಗಿಂತ ಹೆಚ್ಚು ಮಾಡಿದರೂ ದೊರೆತ ಲಾಭ ಒಂಬತ್ತು ಮಾನ ಮಾತ್ರ. ಹೀಗಲ್ಲದೆ, ಹಳೆಯ ಬಲ್ಬನ್ನೇ ಉಳಿಸಿಕೊಂಡು ದಾರಿಯ ರೋಧವನ್ನು 0.03 ಓಮಿಗೆ ಇಳಿಸಿದರೆ ನಷ್ಟ ಕಾಲು ವೋಲ್ಟಿಗೂ ಕಡಿಮೆಯಾಗಿ 42 ಮಾನಗಳಷ್ಟು ಬೆಳಕು ದೊರೆಯುತ್ತದೆ. ಕೆಟ್ಟ ತಂತಿಯ ಮೇಲಿನ ದೊಡ್ಡ ಬಲ್ಬಿಗಿಂತ ಒಳ್ಳೆಯ ತಂತಿಯ ಮೇಲಿನ ಸಣ್ಣ ಬಲ್ಬೇ ಮೇಲು ಎಂದಾಯಿತು!

ಇದು ಬರಿಯ ಅಂಕಿಗಳ ಮಾತಲ್ಲ. ದೀಪದಿಂದ ಬೀಳುವ ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುವುದಷ್ಟೆ. ಬೆಳಕು ಮೂರರಲ್ಲಿ ಎರಡು ಪಾಲಾದರೆ, ಮೊದಲು 100 ಮೀಟರು ದೂರದಲ್ಲಿ ಕಾಣುತ್ತಿದ್ದ ಎತ್ತಿನ ಗಾಡಿ ಸುಮಾರು 82 ಮೀಟರು ಸಮೀಪಕ್ಕೆ ಬಂದ ಮೇಲೆ ಅಷ್ಟೇ ಸ್ಪಷ್ಟವಾಗಿ ಕಾಣುತ್ತದೆ. ಗಂಟೆಗೆ 60 ಕಿಲೋಮೀಟರು ವೇಗದ ಲಾರಿ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರು ಕ್ರಮಿಸುತ್ತದೆ. ಆದುದರಿಂದ ಚಾಲಕನು ಕಳೆದುಕೊಂಡದ್ದು ಒಂದು ಸೆಕೆಂಡು. ಬ್ರೇಕನ್ನು ಒತ್ತಲು ಕಾಲೆತ್ತುವ ಅವಧಿಯೂ ಹೆಚ್ಚುಕಡಿಮೆ ಅಷ್ಟೇ.

ಶಾಖದ ಲೆಕ್ಕ

ದಾರಿಯಲ್ಲಿ ನಷ್ಟವಾದ ವಿದ್ಯುಚ್ಛಕ್ತಿ ಶಾಖವಾಗಿ ಪರಿಣಮಿಸುತ್ತದೆ. ಆ ಶಾಖ ಪ್ರವಾಹದ ವರ್ಗಕ್ಕೆ ಅನುಗುಣವಾದದ್ದು. ಸ್ವಿಚ್ಚಿನ ಸಂಪರ್ಕದಲ್ಲಿ 0.05 ಓಮ್ ರೋಧವಿದ್ದರೆ, 7.5 ಆಂಪಿಯರಿನಲ್ಲಿ ಅಲ್ಲಿ ಹುಟ್ಟುವ ಶಾಖ 3 ವಾಟಿಗೂ ಕಡಿಮೆ, 16.7 ಆಂಪಿಯರಿನಲ್ಲಿ ಸುಮಾರು 14 ವಾಟು. ಬಟಾಣಿಯ ಗಾತ್ರದ ಲೋಹದ ಮೇಲೆ ಇಷ್ಟು ಶಾಖ ಸೇರಿದರೆ ಸುತ್ತಲಿನ ಪ್ಲಾಸ್ಟಿಕ್ಕು ಮೆತ್ತಗಾಗುತ್ತದೆ, ಸಂಪರ್ಕದ ಬಿಗಿ ತಪ್ಪುತ್ತದೆ, ರೋಧ ಇನ್ನೂ ಹೆಚ್ಚುತ್ತದೆ. ಕಡೆಗೆ ಸ್ವಿಚ್ಚು ಸುಟ್ಟು ಲಾರಿ ಒಮ್ಮೆಲೇ ಕತ್ತಲೆಯಲ್ಲಿ ಮುಳುಗಬಹುದು. ಫ್ಯೂಸು ಕರಗಿತೆಂದು ಅದರ ಸ್ಥಾನದಲ್ಲಿ ದಪ್ಪ ತಂತಿಯನ್ನೋ ಇಮ್ಮಡಿ ಆಂಪಿಯರಿನ ಫ್ಯೂಸನ್ನೋ ಇಡುವುದು ಬೆಂಕಿಗೆ ಆಹ್ವಾನ ಕೊಟ್ಟಂತೆ. ಫ್ಯೂಸು ಇರುವುದು ತಂತಿಯ ರಕ್ಷಣೆಗೆ. ಆದಕಾರಣ ಅದರ ಅಳತೆಯನ್ನು ತಂತಿಯ ಸಾಮರ್ಥ್ಯಕ್ಕೆ ತಕ್ಕಂತೆ ನಿಗದಿ ಮಾಡತಕ್ಕದ್ದು.

ದೋಷವನ್ನು ಅರಸುವ ಬಗೆ

ಇದಕ್ಕೆ ಸಾಧಾರಣ ವೋಲ್ಟ್‌ಮೀಟರೊಂದು ಸಾಕು. ಆದರೆ ಬಳಸುವ ಕ್ರಮ ತಿಳಿದಿರಬೇಕು. ಹಲವರು ಬಲ್ಬನ್ನು ಕಳಚಿ, ಬರಿಯ ಹಿಡಿಕೆಯಲ್ಲಿ ವೋಲ್ಟನ್ನು ಅಳೆದು, ಪೂರ್ತಿ 12 ವೋಲ್ಟು ಬರುತ್ತಿದೆಯೆಂದು ತೃಪ್ತರಾಗುತ್ತಾರೆ. ಪ್ರವಾಹವೇ ಇಲ್ಲದಿದ್ದಾಗ ರೋಧದಲ್ಲಿ ನಷ್ಟವೂ ಇಲ್ಲ. ಹತ್ತು ಎಳೆಗಳಲ್ಲಿ ಒಂಬತ್ತು ಕಡಿದುಹೋದ ತಂತಿಯೂ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ. ಓಮ್‌ಮೀಟರಿನಿಂದಲೂ ಪ್ರಯೋಜನ ಕಡಿಮೆ. ಅದರ ಸ್ವಂತ ತಂತಿಗಳ ರೋಧವೇ ನಾವು ಹುಡುಕುವ ರೋಧದಷ್ಟಿರಬಹುದು. ಆದುದರಿಂದ ದೀಪವನ್ನು ಉರಿಸಿಯೇ ಅಳೆಯಬೇಕು.

ಗಾಡಿಯನ್ನು ಸಮನೆಲದ ಮೇಲೆ ನಿಲ್ಲಿಸಿ, ಗೇರನ್ನು ತಪ್ಪಿಸಿ, ಕೈಬ್ರೇಕನ್ನು ಹಾಕಿ ಎಂಜಿನನ್ನು ಓಡಿಸಬೇಕು. ಬಟ್ಟೆಯ ಅಂಚೂ ಮೀಟರಿನ ತಂತಿಯೂ ಬೀಸಣಿಗೆಯ ಬಳಿ ಸುಳಿಯದಂತೆ ಎಚ್ಚರವಿರಲಿ. ದೀಪ ಉರಿಯುತ್ತಿರುವಾಗ ನಾಲ್ಕು ಅಳತೆಗಳನ್ನು ತೆಗೆದುಕೊಳ್ಳಬೇಕು. ಒಂದು, ಬ್ಯಾಟರಿಯ ಎರಡು ಧ್ರುವಗಳ ನಡುವೆ. ಎರಡು, ಬಲ್ಬಿನ ಎರಡು ತುದಿಗಳ ನಡುವೆ. ಮೂರು, ಬ್ಯಾಟರಿಯ ಧನಧ್ರುವಕ್ಕೂ ಬಲ್ಬಿನ ಧನತುದಿಗೂ ನಡುವೆ. ನಾಲ್ಕು, ಬಲ್ಬಿನ ಅರ್ತಿಗೂ ಬ್ಯಾಟರಿಯ ಋಣಧ್ರುವಕ್ಕೂ ನಡುವೆ. ಇವು ಕ್ರಮವಾಗಿ 13.6, 11.4, 1.4, 0.8 ವೋಲ್ಟು ಬಂದವೆನ್ನಿ. ಕಡೆಯ ಮೂರರ ಮೊತ್ತ ಮೊದಲನೆಯದಕ್ಕೆ ಸಮನಾಗಿದೆ. 1845 ರಲ್ಲಿ ಕಿರ್ಖಾಫನು ತಿಳಿಸಿದ ನಿಯಮವೇ ಇದು. ಮೊತ್ತ ಸರಿಹೊಂದಿದರೆ ನಮ್ಮ ಅಳತೆಯೂ ಸರಿಯೆಂದು ನಂಬಬಹುದು.

ಮೂರನೆಯ ಮತ್ತು ನಾಲ್ಕನೆಯ ಅಳತೆಗಳು ಕೂಡಿ ಅರ್ಧ ವೋಲ್ಟನ್ನು ಮೀರದಿರುವುದು ಒಳ್ಳೆಯದು. ಮೀರಿದ್ದರೆ ಆ ದಾರಿಯನ್ನು ಭಾಗಭಾಗವಾಗಿ ಅಳೆಯಬೇಕು: ಫ್ಯೂಸಿನ ಎರಡು ತುದಿ, ಸ್ವಿಚ್ಚಿನ ಎರಡು ತುದಿ, ಪ್ರತಿಯೊಂದು ಕೂಡು. ಯಾವ ತುಣುಕಿನಲ್ಲಿ ಮುಳ್ಳು ಹೆಚ್ಚು ಸರಿಯುವುದೋ ದೋಷ ಅಲ್ಲಿಯೇ ಇದೆ. ಊಹೆಯಿಂದ ಸಾಮಾನು ಬದಲಿಸುವ ಖರ್ಚು ಇದರಿಂದ ಉಳಿಯುತ್ತದೆ.

ಒಂದು ಒಗಟು

ತಗ್ಗಿದ ಬೆಳಕನ್ನು ಹಾಕಿದಾಗ ಬಲದ ದೀಪ ಸರಿಯಾಗಿ ಉರಿಯುತ್ತದೆ. ಎಡದ ದೀಪದ ಎರಡು ತಂತುಗಳೂ ಕೆಂಡದಂತೆ ಮಿನುಗುತ್ತವೆ. ಚಾಲಕನ ಮುಂದಿರುವ, ದೂರದ ಬೆಳಕನ್ನು ಸೂಚಿಸುವ ನೀಲಿ ದೀಪವೂ ಕಾರಣವಿಲ್ಲದೆ ಮಂಕಾಗಿ ಬೆಳಗುತ್ತದೆ. ಕಾರಣವೇನು? ಎಡದ ದೀಪದ ಅರ್ತು ಕಡಿದಿದೆ. ಪ್ರವಾಹಕ್ಕೆ ನೇರವಾಗಿ ಹಿಂದಿರುಗುವ ದಾರಿಯಿಲ್ಲದೆ, ಅದು ಎಡದ ಎರಡನೆಯ ತಂತುವನ್ನು ಹಿಮ್ಮುಖವಾಗಿ ಹೊಕ್ಕು, ದೂರದ ಬೆಳಕಿನ ತಂತಿಯ ಮೂಲಕ ಬಲದ ದೀಪಕ್ಕೆ ಹೋಗಿ, ಅಲ್ಲಿನ ಅರ್ತನ್ನು ಸೇರುತ್ತದೆ. ಮೂರು ತಂತುಗಳು ಶ್ರೇಣಿಯಲ್ಲಿ ಜೋಡಿಸಿದಂತಾಗಿ ಒಂದೊಂದಕ್ಕೂ ಮೂರನೆಯ ಒಂದು ಪಾಲಿನಷ್ಟೇ ವೋಲ್ಟು ದಕ್ಕುತ್ತದೆ. ತಿರುಪನ್ನು ಬಿಚ್ಚಿ, ಬಣ್ಣವನ್ನೂ ತುಕ್ಕನ್ನೂ ಕೆರೆದು ಬಿಗಿದರೆ ಈ ಮೂರು ವಿಕಾರಗಳೂ ಒಟ್ಟಿಗೆ ಮಾಯವಾಗುತ್ತವೆ.

ಪರಿಹಾರ

ದೊಡ್ಡ ಪ್ರವಾಹವನ್ನು ಸ್ವಿಚ್ಚಿನವರೆಗೆ ಎಳೆದೊಯ್ಯದಿರುವುದೇ ಪರಿಹಾರ. ಇದಕ್ಕೆ ರಿಲೇ ಎಂಬ ಸಾಧನವುಂಟು. ಅದರೊಳಗಿನ ಸುರುಳಿಗೆ 0.15 ಆಂಪಿಯರಿನಷ್ಟು ಪ್ರವಾಹ ಬಂದರೆ ವಿದ್ಯುದಯಸ್ಕಾಂತವು ಬಲವಾದ ಸಂಪರ್ಕವೊಂದನ್ನು ಎಳೆದು ಕೂಡಿಸುತ್ತದೆ. ಹಳೆಯ ಸ್ವಿಚ್ಚು ಈ ಸುರುಳಿಯನ್ನು ಮಾತ್ರ ನಡೆಸಲಿ. ದೀಪದ ಪ್ರವಾಹ ಬ್ಯಾಟರಿಯಿಂದ 2.5 ಚದರ ಮಿಲಿಮೀಟರಿನ ಗಿಡ್ಡ ತಂತಿಯಲ್ಲಿ ರಿಲೇಯ ಮೂಲಕ ನೇರವಾಗಿ ದೀಪವನ್ನು ಸೇರಲಿ. ಬ್ಯಾಟರಿಯ ಬಳಿಯಲ್ಲೇ ಫ್ಯೂಸು ಇರಬೇಕು. ಎಡಕ್ಕೊಂದು ಬಲಕ್ಕೊಂದು ಇದ್ದರೆ ಎರಡು ದೀಪಗಳೂ ಒಮ್ಮೆಲೇ ಆರುವ ಭಯವಿಲ್ಲ. ಅರ್ತಿಗೂ ಅಷ್ಟೇ ದಪ್ಪದ ತಂತಿ ಬೇಕು. ಹೀಗೆ ಸರಿಪಡಿಸಿದ ಮೇಲೆ 1971 ರಿಂದ ಬಳಕೆಯಲ್ಲಿರುವ, 60/55 ವಾಟಿನ ಎಚ್-4 ಹ್ಯಾಲೊಜೆನ್ ಬಲ್ಬೇ ರಸ್ತೆಗೆ ಸಾಕಷ್ಟು ಬೆಳಕನ್ನು ಕೊಡುತ್ತದೆ. ಆದರೆ ಬ್ಯಾಟರಿಯ ವೋಲ್ಟು ಮಿತಿಮೀರಿ ಏರದಂತೆಯೂ ನೋಡಿಕೊಳ್ಳಬೇಕು. ಶೇಕಡಾ 5 ರಷ್ಟು ಹೆಚ್ಚಿದರೆ ಬಲ್ಬಿನ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಹಲವು ಭಾರೀ ಲಾರಿಗಳಲ್ಲಿ ಎರಡು ಬ್ಯಾಟರಿಗಳನ್ನು ಶ್ರೇಣಿಯಲ್ಲಿ ಕೂಡಿಸಿ 24 ವೋಲ್ಟು ಪಡೆಯುತ್ತಾರೆ. ಅವುಗಳಲ್ಲಿ ಒಂದರಿಂದಲೇ 12 ವೋಲ್ಟಿನ ದೀಪಕ್ಕೆ ತಂತಿಯೆಳೆಯುವುದು ತಪ್ಪು. ಆ ಬ್ಯಾಟರಿ ಸದಾ ಬರಿದಾಗುತ್ತ, ಇನ್ನೊಂದು ಅತಿಯಾಗಿ ತುಂಬುತ್ತ ಎರಡೂ ಬೇಗ ಹಾಳಾಗುತ್ತವೆ.

ಎಲ್‌ಇಡಿ ದೀಪಗಳು

ಈಚಿನ ಎಲ್‌ಇಡಿ ದೀಪಗಳು ಅಲ್ಪ ವಿದ್ಯುತ್ತಿನಿಂದ ಹೆಚ್ಚು ಬೆಳಕನ್ನು ಕೊಡುತ್ತವೆ. ದಾರಿಯ ನಷ್ಟ ಅವನ್ನು ಅಷ್ಟಾಗಿ ಬಾಧಿಸದು. ಅವುಗಳ ತೊಂದರೆಗಳೇ ಬೇರೆ. ಡಯೋಡಿನಲ್ಲಿ ಪ್ರವಾಹ ಒಂದೇ ದಿಕ್ಕಿಗೆ ಹರಿಯುವುದರಿಂದ ಧನಋಣಗಳು ಅದಲುಬದಲಾದರೆ ದೀಪ ಹೊತ್ತದು. ಕೆಲವು ಹೊಸ ವಾಹನಗಳು ದೀಪಕ್ಕೆ ವಿದ್ಯುತ್ತನ್ನು ಬಿಟ್ಟುಬಿಟ್ಟು ಕೊಡುತ್ತವೆ. ಕಾದ ತಂತು ಆ ಬಿಡುವುಗಳಲ್ಲಿ ಆರದು, ಡಯೋಡಾದರೋ ಮಿಣುಕುತ್ತದೆ. ಪ್ರವಾಹ ಕಡಿಮೆಯೆಂಬ ಕಾರಣದಿಂದಲೇ ವಾಹನದ ಗಣಕವು ಬಲ್ಬು ಸುಟ್ಟಿದೆಯೆಂದು ಎಚ್ಚರಿಸುವುದೂ ಉಂಟು.

ಇವೆಲ್ಲಕ್ಕಿಂತ ಮುಖ್ಯವಾದುದು ಎದುರಿನವನ ಕಣ್ಣು. ದೀಪದ ಪ್ರತಿಫಲಕವನ್ನು ತಂತುವಿನ ನಿಯತ ಸ್ಥಾನಕ್ಕೆ ತಕ್ಕಂತೆ ರೂಪಿಸಿರುತ್ತಾರೆ. ಬೆಳಕಿನ ಮೂಲ ಒಂದೆರಡು ಮಿಲಿಮೀಟರು ಸರಿದರೂ ಕಿರಣಗಳು ಮೇಲಕ್ಕೆ ಚೆದರಿ ಎದುರು ಬರುವ ಚಾಲಕನನ್ನು ಕುರುಡುಗೊಳಿಸುತ್ತವೆ. ಕಣ್ಣು ಕೋರೈಸದಂತೆ ದೀಪವನ್ನು ಅಳವಡಿಸಬೇಕೆಂದು ನಮ್ಮ ದೇಶದ 1989 ರ ಕೇಂದ್ರ ಮೋಟಾರು ವಾಹನ ನಿಯಮಗಳೂ ವಿಧಿಸುತ್ತವೆ. ಗೋಡೆಯೊಂದರಿಂದ 10 ಮೀಟರು ದೂರದಲ್ಲಿ ಲಾರಿಯನ್ನು ನಿಲ್ಲಿಸಿದಾಗ, ತಗ್ಗಿದ ಬೆಳಕಿನ ಮೇಲಂಚು ದೀಪದ ಮಧ್ಯಬಿಂದುವಿಗಿಂತ ಕನಿಷ್ಠ 10 ಸೆಂಟಿಮೀಟರು ಕೆಳಗಿರಬೇಕು. ಸರಕು ಹೇರಿದಾಗ ಹಿಂಭಾಗ ತಗ್ಗಿ ಮುಂಭಾಗ ಏಳುವುದರಿಂದ, ಹೇರಿದ ಮೇಲೂ ಒಮ್ಮೆ ನೋಡುವುದು ಕ್ಷೇಮ.

ವಿದ್ಯಾರ್ಥಿಗಳು ಈ ಪಾಠವನ್ನು ಲಾರಿಯಿಲ್ಲದೆಯೂ ಪರೀಕ್ಷಿಸಬಹುದು. ತಂತುವುಳ್ಳ ಟಾರ್ಚಿನ ಬಲ್ಬೊಂದನ್ನು ಎರಡು ಒಣಕೋಶಗಳಿಗೆ ಮೊದಲು ಗಿಡ್ಡ ತಂತಿಯಿಂದಲೂ, ಬಳಿಕ ಹತ್ತಾರು ಮೀಟರು ಉದ್ದದ ತೆಳು ತಂತಿಯಿಂದಲೂ ಜೋಡಿಸಿ, ಎರಡು ಸಲವೂ ಬಲ್ಬಿನ ತುದಿಗಳಲ್ಲಿ ವೋಲ್ಟನ್ನು ಅಳೆಯಿರಿ. ಅನಂತರ ಬಲ್ಬನ್ನು ಕಳಚಿ, ಉದ್ದ ತಂತಿಯ ತುದಿಯಲ್ಲಿ ಮತ್ತೊಮ್ಮೆ ಅಳೆಯಿರಿ. ಮೂರು ಅಂಕಿಗಳನ್ನೂ ಬರೆದಿಟ್ಟು ಹೋಲಿಸಿದರೆ, ದೀಪವನ್ನು ಉರಿಸಿಯೇ ಅಳೆಯಬೇಕೆಂದು ಹೇಳಿದ ಕಾರಣ ತಾನಾಗಿ ತಿಳಿಯುತ್ತದೆ.