ಬ್ಯಾಟರಿ ಖಾಲಿಯಾದರೆ ಜಲಾಂತರ್ಗಾಮಿ ಏನು ಮಾಡುತ್ತೆ?

2017ರ ಡಿಸೆಂಬರ್ 14ರಂದು ಐಎನ್‌ಎಸ್ ಕಲ್ವರಿ ನಮ್ಮ ನೌಕಾಪಡೆ ಸೇರಿತು. 2025ರ ಜನವರಿ 15ರಂದು ಆ ಸಾಲಿನ ಆರನೆಯದು, ವಾಗ್‌ಶೀರ್. ಆರೂ ಫ್ರಾನ್ಸಿನ ಸ್ಕಾರ್ಪೀನ್ ವಿನ್ಯಾಸದವು, ಕಟ್ಟಿದ್ದು ಮುಂಬೈನ ಮಜಗಾಂವ್ ಡಾಕ್‌ನಲ್ಲಿ. ಸುದ್ದಿಯಲ್ಲೆಲ್ಲ ಟಾರ್ಪಿಡೊ, ಕ್ಷಿಪಣಿಗಳದ್ದೇ ಮಾತು. ನಾವು ಬ್ಯಾಟರಿ ಲೆಕ್ಕ ಹಾಕೋಣ, ಯಾಕಂದ್ರೆ ಒಳಗಿರುವವರ ಜೀವ ನಿಂತಿರೋದು ಅದರ ಮೇಲೆ.

ಇವು ಡೀಸೆಲ್-ಎಲೆಕ್ಟ್ರಿಕ್. ಡೀಸೆಲ್ ಎಂಜಿನ್‌ಗೆ ಗಾಳಿ ಬೇಕು, ನೀರಿನಡಿ ಎಲ್ಲಿಂದ ತರೋದು? ಹಾಗಾಗಿ ಮುಳುಗಿದ ಮೇಲೆ ಬ್ಯಾಟರಿಯೇ ಗತಿ. ಒಂದೊಂದರಲ್ಲೂ 360 ಸೆಲ್, ಒಂದು ಸೆಲ್ಲಿನ ತೂಕ 750 ಕೆ.ಜಿ. ಗುಣಿಸಿ ನೋಡಿ (ಕ್ಯಾಲ್ಕುಲೇಟರ್ ಬೇಡ): 270 ಟನ್! ಮೋಟರ್ ಸದ್ದು ಬಹಳ ಕಮ್ಮಿ, ಶತ್ರುವಿನ ಸೋನಾರ್‌ಗೆ ಸಿಗೋದು ಕಷ್ಟ.

ಆದರೆ ನೀರಿನ ಎಳೆತ ಮೀರಲು ಬೇಕಾದ ಶಕ್ತಿ ಹೆಚ್ಚುಕಡಿಮೆ ವೇಗದ ಘನದಂತೆ ಏರುತ್ತೆ. ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. ಅಂದ್ರೆ ಜೋರಾಗಿ ಓಡಿ ತಪ್ಪಿಸಿಕೊಳ್ಳಲು ಹೋದಷ್ಟೂ ಬ್ಯಾಟರಿ ಬೇಗ ಖಾಲಿ. ಆಮೇಲೆ ಮೇಲ್ಮೈ ಹತ್ತಿರ ಬಂದು, ಸ್ನಾರ್ಕೆಲ್ ಕೊಳವೆಯನ್ನು ನೀರಿನಿಂದ ಹೊರಗೆ ಚಾಚಿ, ಡೀಸೆಲ್ ಎಂಜಿನ್ ಓಡಿಸಿ ಚಾರ್ಜ್ ಮಾಡಲೇಬೇಕು. ಆಗ ಕೊಳವೆ ರಾಡಾರಿಗೆ ಕಾಣಬಹುದು, ಎಂಜಿನ್ ಸೋನಾರ್‌ಗೆ ಕೇಳಬಹುದು. ಅಪಾಯದ ಹೊತ್ತು ಇದೇ.

ಈ ಹೊತ್ತನ್ನು ದೂರ ತಳ್ಳೋದು ಎಐಪಿ, ಹೊರಗಿನ ಗಾಳಿ ಇಲ್ಲದೆ ವಿದ್ಯುತ್ ಕೊಡುವ ವ್ಯವಸ್ಥೆ. ಸೇವೆಗೆ ಸೇರುವಾಗ ಆರರಲ್ಲಿ ಯಾವುದಕ್ಕೂ ಇದು ಇರಲಿಲ್ಲ. ಡಿಆರ್‌ಡಿಓ ಇದಕ್ಕಾಗಿ ಫ್ಯೂಯೆಲ್ ಸೆಲ್ ರೂಪಿಸಿದೆ. ಹೈಡ್ರೋಜನ್ ತುಂಬಿಕೊಂಡು ಹೋಗಬೇಕಿಲ್ಲ, ಒಳಗೇ ತಯಾರಾಗುತ್ತೆ. ಅದನ್ನು ಕೂರಿಸಲು ಮಾತ್ರ ಹಡಗನ್ನು ಅಡ್ಡ ಕತ್ತರಿಸಿ, ನಡುವೆ ಹೊಸ ಭಾಗ ಸೇರಿಸಿ ಬೆಸೆಯಬೇಕು. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಏರುವ ಒತ್ತಡವನ್ನು ಆ ಬೆಸುಗೆ ತಡೆಯಬೇಕು.