ಮುಧೋಳದ ಚೆನ್ನಿ, ಸಪ್ತಾಪುರದ ಬೀದಿನಾಯಿಗಳು

ಮುಧೋಳ ನಾಯಿಯ ತಲೆ ಸಪೂರ, ಕುತ್ತಿಗೆ ದಪ್ಪ. ಸಾದಾ ಬೆಲ್ಟ್ ಹಾಕಿ ಬೀದಿಗೆ ಕರೆದೊಯ್ದಾಗ ಅದು ಎರಡು ಹೆಜ್ಜೆ ಹಿಂದೆ ಸರಿದು ತಲೆ ಕೊಸರಿತೆಂದರೆ ಬೆಲ್ಟ್ ನಿಮ್ಮ ಕೈಯಲ್ಲಿ, ನಾಯಿ ಮುಂದಿನ ಓಣಿಯಲ್ಲಿ. ಇನ್ನೊಂದು ನಾಯಿ ಕಂಡರೆ ಮೈಮೇಲೆ ದೇವರು ಬಂದವರ ಹಾಗೆ ಎಗರುವ ನಾಯಿಯನ್ನು ಪಳಗಿಸುವ ಮಾತು ಆಮೇಲಿನದು; ಮೊದಲು ಅದು ಕೈತಪ್ಪಬಾರದು. ಎಳೆದಾಗಷ್ಟೇ ತುಸು ಬಿಗಿಯಾಗುವ ಮಾರ್ಟಿಂಗೇಲ್ ಬೆಲ್ಟ್ ಕುತ್ತಿಗೆಗೆ, ಎದೆಯ ಮುಂದೆ ಕೊಂಡಿ ಇರುವ ಹಾರ್ನೆಸ್ ಮೈಗೆ, ಎರಡಕ್ಕೂ ಸೇರಿ ಒಂದು ಉದ್ದನೆಯ ಪಟ್ಟಿ. ಧಾರವಾಡದ ನಮ್ಮ ಮನೆಯಲ್ಲಿ ಚೆನ್ನಿಯ ಶಾಲೆ ಶುರುವಾದದ್ದು ಇಷ್ಟರಿಂದ.

ಚೆನ್ನಿ ಬಂದದ್ದು ಲೋಕಾಪುರದ ಕಡೆ ಇರುವ ನಮ್ಮಕ್ಕನ ಹೊಲದಿಂದ. ನಾಲ್ಕು ತಿಂಗಳು ತುಂಬುವ ತನಕ ಅವಳು ಕಂಡದ್ದು ಕಬ್ಬು, ತಾಯಿ, ಒಡಹುಟ್ಟಿದ ಮರಿಗಳು, ಅಷ್ಟೇ. ಮರಿಗಳು ಹೊಸದನ್ನು ಅಂಜದೆ ಒಪ್ಪಿಕೊಳ್ಳುವ ವಯಸ್ಸು ಹೆಚ್ಚುಕಡಿಮೆ 3ನೇ ವಾರದಿಂದ 14ನೇ ವಾರದವರೆಗೆ. ಅದು ದಾಟಿದ ಮೇಲೆ ಎದುರಾದ ಪರನಾಯಿಗಳೆಲ್ಲ ಅವಳ ಪಾಲಿಗೆ ವೈರಿಗಳೇ. ನೋಡಿದವರಿಗೆ ಅದು ಸೊಕ್ಕು. ಪಟ್ಟಿಯ ಈ ತುದಿ ಹಿಡಿದವಳಿಗೆ ಗೊತ್ತು, ಮುಕ್ಕಾಲುಪಾಲು ಅಂಜಿಕೆ. ಕಿವಿ, ಹಲ್ಲು, ಕೀಲುಗಳಲ್ಲಿ ನೋವೇನಾದರೂ ಇದೆಯೇ ಎಂದು ಪಶುವೈದ್ಯರಿಂದ ನೋಡಿಸಿದ್ದಾಗಿತ್ತು. ಏನೂ ಇರಲಿಲ್ಲ.

ಅಂಜಿಕೆ ಅವಳದು, ಹಠ ಅವಳ ಕುಲದ್ದು. ಮುಧೋಳದ ಘೋರ್ಪಡೆ ಅರಸರು ಬೇಟೆಗೆಂದು ಬೆಳೆಸಿದ ತಳಿ ಇದು. ಮೂಗಿಗಿಂತ ಕಣ್ಣನ್ನು ನಂಬುವ ನಾಯಿ. ಮೊಲ ಎಲ್ಲೋ ದೂರದಲ್ಲಿ ಎದ್ದು ಓಡುತ್ತದೆ, ದಿಕ್ಕು ಬದಲಿಸುತ್ತದೆ. ಆ ಗಳಿಗೆಯಲ್ಲಿ ಯಜಮಾನನ ಮುಖ ನೋಡುತ್ತ ನಿಂತ ನಾಯಿಗೆ ಮೊಲ ಸಿಗುವುದಿಲ್ಲ. ತನ್ನ ತೀರ್ಮಾನ ತಾನೇ ಮಾಡುವವುಗಳನ್ನೇ ಆರಿಸಿ ಆರಿಸಿ ಬೆಳೆಸಿ, ಈಗ 'ಕೂಡು' ಅಂದ ಕೂಡಲೇ ಕೂಡಲಿಲ್ಲ ಅಂತ ಬೈದರೆ ಹೇಗೆ? ಚೆನ್ನಿ ಮೊದಲು ನನ್ನನ್ನು ನೋಡುತ್ತಾಳೆ, ಆಮೇಲೆ ನೆಲವನ್ನು. ನೆಲ ಹಸಿ ಇದ್ದರೆ ಕೂಡುವುದಿಲ್ಲ. 2016ರಲ್ಲಿ ಸೇನೆಯವರು ಮುಧೋಳ ಮರಿಗಳನ್ನು ತರಬೇತಿಗೆಂದು ಮೀರತ್‌ಗೆ ಒಯ್ದ ಮೇಲೆ ನಮ್ಮ ಕಡೆ ಇದಕ್ಕೆ ಮಿಲಿಟರಿ ನಾಯಿ ಅಂತಲೇ ಹೆಸರು. "ಅಕ್ಕಾರ, ಮಿಲಿಟ್ರಿ ನಾಯಿ ಅಂತೀರಿ, ನಿಮ್ಮ ಮಾತs ಕೇಳೂದಿಲ್ಲಲ್ರಿ" ಎಂದು ಹಾಲು ಹಾಕುವ ಹುಡುಗ ನಗುತ್ತಿದ್ದ.

ವಾಕಿಂಗ್‌ಗೆ ಬರುವ ಹಿರಿಯರೊಬ್ಬರ ಸಲಹೆ ಬೇರೆ. "ನೋಡವಾ ತಂಗಿ, ಯಜಮಾನ್ರು ಯಾರು ಅಂತ ಅದಕ್ಕ ಗೊತ್ತಾಗಬೇಕು. ನಾಲ್ಕು ಬಿಗಿ." ಈ ಯಜಮಾನಿಕೆಯ ಮಾತಿಗೆ ಬೆಂಬಲ ಸಿಕ್ಕಿದ್ದು ತೋಳಗಳಿಂದ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ಸ್ವಿಸ್ ವಿಜ್ಞಾನಿ ಬೋನಿನಲ್ಲಿದ್ದ ತೋಳಗಳ ಜಗಳ ನೋಡಿ ಬರೆದದ್ದನ್ನು, ಅಮೆರಿಕದ ಡೇವಿಡ್ ಮೆಕ್ 1970ರ ತಮ್ಮ ಪುಸ್ತಕದಲ್ಲಿ ಮುಂದುವರಿಸಿದರು. ಅದೇ ಮೆಕ್ 1999ರಲ್ಲಿ, ಕಾಡಿನ ತೋಳಗಳ ಗುಂಪು ಅಂದರೆ ಅಪ್ಪ, ಅಮ್ಮ, ಮಕ್ಕಳು, ಅಲ್ಲಿ ಪಟ್ಟಕ್ಕಾಗಿ ಕಾದಾಟವಿಲ್ಲ ಎಂದು ತಿದ್ದಿ ಬರೆದರು. ತಿದ್ದುಪಡಿ ಧಾರವಾಡದ ಮೈದಾನಕ್ಕೆ ಇನ್ನೂ ಬಂದಿಲ್ಲ. ಅದಿರಲಿ, ಬೇರೆ ನಾಯಿ ಕಂಡಾಗಲೆಲ್ಲ ಪೆಟ್ಟು ಬಿದ್ದರೆ ಚೆನ್ನಿ ಕಲಿಯುವುದೇನು? ಆ ನಾಯಿ ಬಂತೆಂದರೆ ನೋವೂ ಬಂತು ಅಂತ. ಅವಳ ಅಂಜಿಕೆಗೆ ನಾವೇ ಸಾಕ್ಷಿ ಹೇಳಿದ ಹಾಗಾಗುತ್ತದೆ.

ನನಗೆ ಫಲ ಕೊಟ್ಟದ್ದು ದೂರ. ಕೆಲಗೇರಿ ಕೆರೆಯ ಏರಿಯ ಮೇಲೆ ನಿಂತರೆ ಆಚೆಯಿಂದ ಬರುವ ನಾಯಿ ಚುಕ್ಕೆಯಾಗಿ ಕಾಣುವಾಗಲೇ ಸಿಗುತ್ತದೆ. ಚೆನ್ನಿಗೆ ನನಗಿಂತ ಮೊದಲೇ ಕಾಣುತ್ತದೆ. ತೆರೆದಿದ್ದ ಬಾಯಿ ಮುಚ್ಚುತ್ತದೆ. ಬೊಗಳು, ಎಗರಾಟ ಎಲ್ಲಕ್ಕೂ ಮುಂಚಿನ ಸುಳಿವು ಅದೇ. ಆಗ ಬೇಯಿಸಿದ ಕೋಳಿ ಲಿವರ್‌ನ ಚೂರು ಬಾಯಿಗೆ. ನಾಯಿ ಕಂಡ ಮೇಲೆ ಲಿವರ್, ನಾಯಿ ಮರೆಯಾದರೆ ಲಿವರ್ ಬಂದ್. ಈ ಅನುಕ್ರಮ ತಿರುವುಮುರುವಾದರೆ, ಅಂದರೆ ನಾನು ಕಿಸೆಗೆ ಕೈ ಹಾಕಿದ ಮೇಲೆ ನಾಯಿ ಬಂದರೆ, ಲಿವರೇ ಅಪಾಯದ ಸೂಚನೆ ಆಗಿಬಿಡುತ್ತದೆ. ಲಿವರ್ ಬೇಡವೆಂದು ಮುಖ ತಿರುಗಿಸಿದರೆ ನಾವು ಇರಬೇಕಾದದ್ದಕ್ಕಿಂತ ಹತ್ತಿರ ಇದ್ದೇವೆ ಅಂತ ಅರ್ಥ. ಮಾತಿಲ್ಲದೆ ಹಿಂದಿರುಗಿ ನಡೆಯಬೇಕು, ಪಟ್ಟಿ ಸಡಿಲ ಇಟ್ಟುಕೊಂಡು. ಬಿಗಿಹಿಡಿದ ಪಟ್ಟಿ ಅವಳಿಗೆ ನನ್ನ ಗಾಬರಿಯನ್ನು ತಲುಪಿಸುತ್ತದೆ.

ದಿನಗಳು ಹೋದ ಮೇಲೆ ಒಂದು ಸಂಜೆ ಅವಳು ದೂರದ ನಾಯಿಯನ್ನು ನೋಡಿ, ಕರೆಯದೆಯೇ, ನನ್ನತ್ತ ತಿರುಗಿದಳು: ಎಲ್ಲಿ ನನ್ನ ಲಿವರ್? ಲೆಸ್ಲಿ ಮೆಕ್‌ಡೆವಿಟ್ ಎಂಬ ಅಮೆರಿಕದ ತರಬೇತುದಾರ್ತಿ 'ಲುಕ್ ಅಟ್ ದಟ್' ಎಂದು ಕರೆದ ಆಟ ಇದೇ ಜಾಡಿನದು. ನಾಯಿಯನ್ನು ನೋಡಬೇಡ ಅನ್ನುವುದಿಲ್ಲ, ನೋಡಿ ಬಂದು ವರದಿ ಮಾಡು ಅನ್ನುತ್ತದೆ. ಇಲ್ಲಿ ಚೆನ್ನಿಯ ಹಠ ನನ್ನ ಪಕ್ಷಕ್ಕೆ ಬಂತು. ನಾನು ಹೇಳಿಕೊಟ್ಟದ್ದನ್ನು ಅವಳು ಮನಸ್ಸಿದ್ದರೆ ಮಾಡುತ್ತಾಳೆ, ಇಲ್ಲದಿದ್ದರೆ ಇಲ್ಲ. ತನಗೇ ಹೊಳೆದದ್ದನ್ನು ಮಾತ್ರ ಬಿಡುವವಳಲ್ಲ. ತಿರುಗಿ ನೋಡಿದ ಮೇಲೆ ಚೂರು ಸಿಗುವುದು ತಡವಾದರೆ ಮೊಣಕೈಗೆ ಮೂತಿಯಿಂದ ತಿವಿಯುತ್ತಾಳೆ. ಮೆತ್ತಗಿನ ಸ್ವಭಾವದ ನಾಯಿಯಾಗಿದ್ದರೆ ಈ ಅಭ್ಯಾಸ ಇಷ್ಟು ಗಟ್ಟಿಯಾಗಿ ಕೂಡುತ್ತಿತ್ತೋ ಇಲ್ಲವೋ.

ಆದರೆ ಕೆರೆ ಏರಿ ಬೇರೆ, ನಮ್ಮ ಓಣಿ ಬೇರೆ. ಪರದೇಶದ ಪುಸ್ತಕಗಳಲ್ಲಿ ಎದುರಿನ ನಾಯಿಗೂ ಒಂದು ಪಟ್ಟಿ, ಅದರ ತುದಿಗೆ ಒಬ್ಬ ಮನುಷ್ಯ ಇರುತ್ತಾನೆ. ದೂರ ನಿಮ್ಮ ಕೈಯಲ್ಲಿದೆ. ಸಪ್ತಾಪುರದಲ್ಲಿ ದೂರವನ್ನು ನಿರ್ಧರಿಸುವುದು ಬೀದಿನಾಯಿ. ನಾವು ನಡೆಯುವ ಒಂದೇ ರಸ್ತೆಯಲ್ಲಿ ಕಿರಾಣಿ ಅಂಗಡಿ ತನಕ ಒಂದು ಗುಂಪಿನ ಸೀಮೆ, ಅಲ್ಲಿಂದ ಕೋಳಿ ಅಂಗಡಿ ತನಕ ಇನ್ನೊಂದರದು. ಆದ್ದರಿಂದ ನಾನು ಅವುಗಳ ದಿನಚರಿ ಕಲಿತೆ. ಬೆಳಿಗ್ಗೆ ಕೋಳಿ ಅಂಗಡಿ ತೆರೆಯುವ ಹೊತ್ತು ಆ ಕಡೆ ತಲೆ ಹಾಕಬಾರದು. ರಾತ್ರಿಯೆಲ್ಲ ಬೊಗಳಿದವು ಹೊತ್ತೇರಿದ ಮೇಲೆ ನೆರಳು ಹಿಡಿದು ಮಲಗುತ್ತವೆ. ಎಲ್ಲಕ್ಕಿಂತ ಒಳ್ಳೆಯದು ಧಾರವಾಡದ ಜಿಟಿಜಿಟಿ ಮಳೆ. ನಾಯಿಗಳೆಲ್ಲ ನಿಂತ ಗಾಡಿಗಳ ಕೆಳಗೆ, ರಸ್ತೆ ನಮ್ಮದು. ಚೆನ್ನಿಗೆ ಮಳೆಯೆಂದರೆ ಆಗದು, ಗೇಟಿನಲ್ಲೇ ಕಾಲೂರಿ ನಿಲ್ಲುತ್ತಾಳೆ. ಅದು ಬೇರೆ ಕಥೆ.

ಮೈಮೇಲೆ ಬರುವ ಬೀದಿನಾಯಿಗೆ ನಮ್ಮವರ ಮದ್ದು ಒಂದೇ: ಕಲ್ಲು ಎತ್ತುವವರಂತೆ ಬಗ್ಗುವುದು. ನಾಯಿ ಓಡುತ್ತದೆ, ನಿಜ. ಆದರೆ ಓಡುವುದನ್ನು ಕಂಡರೆ ಅಟ್ಟುವುದು ಬೇಟೆನಾಯಿಯ ರಕ್ತದಲ್ಲೇ ಇದೆ. 25 ಕಿಲೋ ಹತ್ತಿರದ ಚೆನ್ನಿ ಆಗ ನನ್ನ ಭುಜ ಕೀಳುತ್ತಾಳೆ. ನಿಂತ ನಾಯಿ ಎಷ್ಟೋ ವಾಸಿ. ಹಾಗಾಗಿ ಕಲ್ಲಿನ ಬದಲು ಒಂದು ಹಿಡಿ ಬಿಸ್ಕತ್ತು ಅವುಗಳ ಮುಂದೆ ಚೆಲ್ಲಿ, ಅವು ನೆಲ ಮೂಸುವಾಗ ಇತ್ತ ಹೊರಳಿಬಿಡುತ್ತೇನೆ. ಗುಂಡಿ ಒತ್ತಿದರೆ ತೆರೆಯುವ ಛತ್ರಿಯೂ ಒಳ್ಳೆಯ ಗೋಡೆ. ಮನೆಯಲ್ಲಿ ಮೊದಲು ಅದನ್ನು ತೆರೆದು ಮುಚ್ಚಿ ನಮ್ಮ ನಾಯಿಗೆ ರೂಢಿ ಮಾಡಿಸಿರಬೇಕು, ಇಲ್ಲದಿದ್ದರೆ ಮೊದಲು ಬೆದರುವುದು ಅದೇ. ಪಟ್ಟಿಯನ್ನು ಅಂಗೈಗೆ ಸುತ್ತಿಕೊಳ್ಳಲೇಬೇಡಿ, ಬೆರಳು ಮುರಿಯುತ್ತದೆ.

ದೀಪಾವಳಿಯ ಪಟಾಕಿ ಮುಗಿದ ಮೇಲೂ ಅವಳ ಮೈಯ ಬಿಗಿ ಒಮ್ಮೆಲೇ ಇಳಿಯುವುದಿಲ್ಲ. ಆ ದಿನಗಳಲ್ಲಿ ಸಣ್ಣ ನಾಯಿಮರಿ ಕಂಡರೂ ಸಿಡಿಯುತ್ತಾಳೆ. ಆಗ ಓಣಿಗೆ ರಜೆ. ಹಳೆಯ ಗೋಣಿಚೀಲದ ಮಡಿಕೆಗಳಲ್ಲಿ ಲಿವರ್ ಬಚ್ಚಿಟ್ಟು ಹುಡುಕಲು ಬಿಡುತ್ತೇನೆ. ಕಣ್ಣಿನ ನಾಯಿಯಾದರೂ ಮೂಗಿಗೆ ಕೆಲಸ ಕೊಟ್ಟರೆ ಬೇಗ ದಣಿದು ಮಲಗುತ್ತಾಳೆ.

ಹೊರಗೆ ಹೋಗುವಾಗ ಈಗಲೂ ಬಾಯಿಗೆ ಬುಟ್ಟಿ ಇದೆ, ನೀರು ಕುಡಿಯಲು, ನಾಲಿಗೆ ಚಾಚಲು ಜಾಗ ಇರುವಂಥದ್ದು. ಅದರೊಳಗೆ ಮೊಸರು ಸವರಿ ತಾನಾಗಿಯೇ ಮೂತಿ ತೂರಿಸುವಂತೆ ಮಾಡಿದ್ದರಿಂದ ಅವಳಿಗೆ ಅದರ ಬೇಸರವಿಲ್ಲ, ಬೇಸರ ಜನಕ್ಕೆ. "ಪಾಪ, ಎತ್ತಿಗೆ ಕಟ್ಟಿದಂಗ ಕಟ್ಟೀರಲ್ರಿ" ಅನ್ನುತ್ತಾರೆ. ಎದುರುಮನೆಯವರು ತಮ್ಮ ಲ್ಯಾಬ್ರಡಾರ್ ತೋರಿಸಿ, "ಈಗ ಶಾಣ್ಯಾ ಆಗ್ಯಾಳಲ್ರಿ, ಒಮ್ಮೆ ಇಬ್ಬರನ್ನೂ ಆಡಲಿಕ್ಕೆ ಬಿಡೂಣೇನು?" ಎಂದು ಕೇಳುತ್ತಲೇ ಇರುತ್ತಾರೆ. ಬ್ಯಾಡ್ರಿ ಅನ್ನುತ್ತೇನೆ. ಅದರ ಬದಲು ಅವರು ರಸ್ತೆಯ ಆ ಬದಿ, ನಾವು ಈ ಬದಿ, ಮುಖಾಮುಖಿಯಾಗದೆ ಒಂದೇ ದಿಕ್ಕಿಗೆ ನಡೆಯುತ್ತೇವೆ. ಚೆನ್ನಿ ಆಗಾಗ ಅತ್ತ ನೋಡುತ್ತಾಳೆ, ಇತ್ತ ತಿರುಗಿ ತನ್ನ ಬಾಕಿ ವಸೂಲಿ ಮಾಡುತ್ತಾಳೆ. ಭಾದ್ರಪದದಲ್ಲಿ ಬೀದಿಯ ಗಂಡುನಾಯಿಗಳು ಹಿಂಡು ಕಟ್ಟಿಕೊಂಡು ತಿರುಗುವಾಗ ಆ ನಡಿಗೆಯೂ ಇಲ್ಲ, ಮನೆಯ ಮಾಳಿಗೆಯೇ ಗತಿ.